ಎಮ್ಮೆ ಕೆಸರು ಹೊದ್ದ ಬಗೆ

ಎಲ್ಲಿ, ಊಹಿಸಿ ನೋಡೋಣ. ಒಂದು ಎಮ್ಮೆ. ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಸ್ನಾನ, ಸಂಜೆ ಮತ್ತೆ ಸ್ನಾನ ಮಾಡುವ ಎಮ್ಮೆ. ಹುಲ್ಲಿನ ಮೇಲೆ ಇಬ್ಬನಿ ಕಂಡರೆ, ಇದು ಯಾರು ತುಳಿದ ನೀರೋ ಏನೋ ಎಂದು ಸುತ್ತಿ ಬಳಸಿ ಹೋಗುವ ಎಮ್ಮೆ. ಅಂಥ ಎಮ್ಮೆ ಒಂದು ದಿನ ಮಟಮಟ ಮಧ್ಯಾಹ್ನ, ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ, ಕೆಸರಿನಲ್ಲಿ ಬಿದ್ದು ಹೊರಳಾಡಿಬಿಟ್ಟಿತು. ಯಾಕಿರಬಹುದು?

ಕಾಲು ಜಾರಿತು ಅಂತೀರಾ? ಇಲ್ಲ. ಯಾರೋ ತಳ್ಳಿದರು ಅಂತೀರಾ? ಎಮ್ಮೆಯನ್ನು ತಳ್ಳುವುದೆಂದರೆ ತಮಾಷೆಯೇ ಮಕ್ಕಳೇ! ನೀವೇ ಒಮ್ಮೆ ತಳ್ಳಿ ನೋಡಿ, ಆಮೇಲೆ ಬಂದು ಹೇಳಿ. ಬಿಸಿಲಿಗೆ ತಲೆ ಕೆಟ್ಟಿತು ಅಂತ ಬೆಳ್ಳಕ್ಕಿ ಊರೆಲ್ಲ ಹೇಳಿಕೊಂಡು ಬಂತು. ಅದೂ ಸುಳ್ಳು. ಗೊತ್ತಾಗಲಿಲ್ಲ ತಾನೇ? ಹಾಗಾದರೆ ಕೇಳಿ.

ಆಗಿನ್ನೂ ಲೋಕ ಹೊಸದು. ಎಷ್ಟು ಹೊಸದೆಂದರೆ, ಬೆಟ್ಟಗಳ ಚೂಪು ಸವೆದಿರಲಿಲ್ಲ, ಕೋಗಿಲೆಗೆ ರಾಗ ಕೂತಿರಲಿಲ್ಲ, ಕಲ್ಲಂಗಡಿ ಹಣ್ಣಿಗೆ ತಾನು ಒಳಗೆ ಕೆಂಪಗಿದ್ದೇನೆ ಅಂತಲೇ ತಿಳಿದಿರಲಿಲ್ಲ. ಆಗ ಬಯಲುಸೀಮೆಯ ಒಂದು ಕೆರೆಯ ದಡದಲ್ಲಿ ಭಾಗೀರತಮ್ಮ ಎಂಬ ಎಮ್ಮೆ ಇದ್ದಳು. ಅವಳಿಗೊಬ್ಬಳೇ ಮಗಳು, ತುಂಗಿ.

ಹಸುವಿಗೆ ಮೈತುಂಬ ಕೂದಲು. ಕುರಿಗೆ ಉಣ್ಣೆ. ಆಮೆಗೆ ಚಿಪ್ಪು. ಎಮ್ಮೆಗೆ ಮಾತ್ರ ನುಣ್ಣನೆಯ ಬರೀ ಚರ್ಮ. ಭಾಗೀರತಮ್ಮನಿಗೆ ಆ ಚರ್ಮದ ಮೇಲೆ ಎಲ್ಲಿಲ್ಲದ ಜಂಬ. ಕೆರೆಗೆ ಇಳಿಯುವಾಗಲೂ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು, ದಡದ ಕೆಸರು ಸೋಕದ ಹಾಗೆ ಇಳಿಯುವಳು. ಮಡಿ ಎಂದರೆ ಅಂಥ ಮಡಿ!

ದಡದ ಕೆಸರವ್ವ ದಿನವೂ ಕರೆಯುವಳು. "ಬಾರಮ್ಮ ಭಾಗೀರತಮ್ಮ, ಒಂದು ಗಳಿಗೆ ಕೂತು ಹೋಗು."

"ದೂರ, ದೂರ!" ಭಾಗೀರತಮ್ಮ ಬಾಲ ಎತ್ತಿ ಹಿಡಿಯುವಳು. "ತುಂಗೀ, ಅದನ್ನ ಮುಟ್ಟಬೇಡ. ಮೈಲಿಗೆ!"

"ಮುಟ್ಟಲ್ಲಮ್ಮ," ಎನ್ನುವಳು ತುಂಗಿ. ಒಳ್ಳೆಯ ಮಗು. ಅಮ್ಮ ಹೇಳಿದ್ದೆಲ್ಲ ನಿಜ ಅಂತ ನಂಬುವ ವಯಸ್ಸು.

ಬೇಸಿಗೆ ಬಂತು. ಹಾಗೆ ಹೀಗೆ ಬಂದ ಬೇಸಿಗೆಯಲ್ಲ. ಗಾಳಿ ಬೀಸಿದರೆ ಒಲೆಯ ಬಾಗಿಲು ತೆಗೆದ ಹಾಗೆ. ಕೆರೆಯ ನೀರು ಹಿಂದೆ ಹಿಂದೆ ಸರಿಯಿತು. ದಡದ ಹುಲ್ಲು ಸುಟ್ಟುಹೋಯಿತು. ದೂರದ ಹಳ್ಳದಲ್ಲಿ ಮಾತ್ರ ಹಸಿರು ಉಳಿದಿತ್ತು. ಕೆರೆಗೂ ಹಳ್ಳಕ್ಕೂ ನಡುವೆ ದೊಡ್ಡ ಬೋಳು ಬಯಲು. ಹೇಳಿಕೊಳ್ಳಲು ಒಂದು ಮರವಿಲ್ಲ.

ದೊಡ್ಡ ಎಮ್ಮೆಗಳು ಹೇಗೋ ದಾಟಿ ಹೋಗಿ ಮೇಯುತ್ತಿದ್ದವು. ತುಂಗಿ ಅರ್ಧ ದಾರಿಗೇ ಕೂಗಿಕೊಂಡಳು. "ಅಮ್ಮಾ, ಬೆನ್ನು ಉರೀತದೆ!" ನೋಡಿದರೆ ಬೆನ್ನೆಲ್ಲ ಕೆಂಪು, ಅಲ್ಲಲ್ಲಿ ಗೆರೆಗೆರೆಯಾಗಿ ಬಿರಿದಿದೆ.

ಭಾಗೀರತಮ್ಮ ಏನು ಮಾಡಿದಳು ಗೊತ್ತೇ? ಇದು ಕೊಳೆ ಅಂದುಕೊಂಡಳು! ಮಗಳನ್ನು ನೀರಿಗಿಳಿಸಿ, ಸೀಗೆಕಾಯಿ ಅರೆದು ಹಚ್ಚಿ, ಒಣಗಿದ ಹೀರೇಕಾಯಿಯ ನಾರನ್ನು ಬಾಯಲ್ಲಿ ಕಚ್ಚಿಕೊಂಡು, ಗಸಗಸ ಉಜ್ಜಿದಳು. ಉರಿ ಹೆಚ್ಚಾಯಿತು. ಇನ್ನೂ ಕೊಳೆ ಹೋಗಿಲ್ಲ ಎಂದು ಇನ್ನಷ್ಟು ಉಜ್ಜಿದಳು. ಚರ್ಮದಲ್ಲಿದ್ದ ಚೂರುಪಾರು ಜಿಡ್ಡೂ ಹೊರಟುಹೋಯಿತು. ಮಾರನೆಯ ದಿನ ತುಂಗಿ ಕೆರೆದಡದ ಹೊಂಗೆಮರದ ಬುಡ ಬಿಟ್ಟು ಏಳಲೇ ಇಲ್ಲ. ಹುಲ್ಲಿಲ್ಲದೆ ಹೊಟ್ಟೆ ಬೆನ್ನಿಗಂಟಿತು.

ಆಗ ಭಾಗೀರತಮ್ಮ ನಾರನ್ನು ಬಿಸಾಡಿದಳು. ಬಯಲು ದಾಟದಿದ್ದರೆ ಮಗಳು ಉಳಿಯುವುದಿಲ್ಲ. ಬಯಲು ದಾಟಿದರೆ ಬೆನ್ನು ಉಳಿಯುವುದಿಲ್ಲ.

ತಲೆ ಎತ್ತಿ ಕೂಗಿದಳು. "ಸೂರ್ಯಪ್ಪಾ, ಸ್ವಲ್ಪ ತಣ್ಣಗಾಗೋ! ನನ್ನ ಕೂಸು ಬೇಯ್ತಾ ಇದೆ."

ಸೂರ್ಯ ಪಾಪ, ಮುಖ ಸಣ್ಣ ಮಾಡಿಕೊಂಡ. "ನಾನೇನು ಬೇಕಂತ ಸುಡ್ತೀನೇನಮ್ಮಾ? ನಾನು ತಣ್ಣಗಾದರೆ ಮಾವು ಹಣ್ಣಾಗಲ್ಲ, ಕಡಲು ಕಾಯಲ್ಲ, ಮೋಡ ಏಳಲ್ಲ. ಆಮೇಲೆ ಮಳೆ ಎಲ್ಲಿ ಅಂತ ನೀನೇ ಬಂದು ಜಗಳ ಆಡ್ತೀಯ."

ಅದೂ ಸರಿಯೇ. ಭಾಗೀರತಮ್ಮ ಹೊಂಗೆಮರದ ಕಡೆ ತಿರುಗಿದಳು. "ಹೊಂಗೆಯಣ್ಣ, ನೀನಾದರೂ ಸ್ವಲ್ಪ ನೆರಳು ಕೊಡೋ, ಮಗಳು ಹಳ್ಳಕ್ಕೆ ಹೋಗಿ ಬರಲಿ."

"ಕೊಡೋದಕ್ಕೇನು ತಂಗಿ? ಆದರೆ ನನ್ನ ನೆರಳು ನನ್ನ ಬುಡದಲ್ಲೇ ಇರುತ್ತೆ. ಹೊತ್ತುಕೊಂಡು ಹೋಗೋ ನೆರಳು ನನ್ನ ಹತ್ರ ಇಲ್ಲ."

ಹೊತ್ತುಕೊಂಡು ಹೋಗುವ ನೆರಳು! ಅಂಥದ್ದು ಎಲ್ಲಿ ಸಿಕ್ಕೀತು?

ಎಳ್ಳಿನ ಗಿಡ ಪಕ್ಕದಲ್ಲೇ ಇತ್ತು, ಬಲು ಉತ್ಸಾಹಿ. ಕೇಳುವ ಮೊದಲೇ ಕಾಳು ಉದುರಿಸಿತು. ಆ ಕಾಳಿನ ಮೇಲೆ ತುಂಗಿ ಹೊರಳಿದಳು, ಮೈಗೆಲ್ಲ ಎಣ್ಣೆ ಹತ್ತಿತು, ಮಿರಮಿರ ಮಿಂಚಿತು. ಬಿಸಿಲಿಗೆ ಕಾಲಿಟ್ಟಳೋ ಇಲ್ಲವೋ, "ಅಯ್ಯೋ ಅಮ್ಮಾ, ಹಪ್ಪಳದ ಥರ ಕರಿದುಹೋಗ್ತಾ ಇದೀನಿ!" ಎಂದು ಓಡಿಬಂದಳು.

"ಛೆ ಛೆ," ಎಂದಿತು ಎಳ್ಳು. "ನನ್ನನ್ನ ಹೊತ್ತು ಮುಳುಗಿದ ಮೇಲೆ ಹಚ್ಚಿಕೋಬೇಕು. ಹೇಳೋಕೆ ಮರೆತೆ."

ಬೇಲಿಯಂಚಿನಲ್ಲಿ ಲೋಳೆಸರದ ಅಜ್ಜಿ ಕೂತಿದ್ದಳು. ಹೊರಗೆ ಮುಳ್ಳು, ಒಳಗೆ ತಂಪು. ಅಜ್ಜಿಯರಲ್ಲಿ ಕೆಲವರು ಹಾಗೇ ಇರುತ್ತಾರಲ್ಲ. ತನ್ನದೊಂದು ಎಲೆಯನ್ನು ಮುರಿದು ತುಂಗಿಯ ಬೆನ್ನಿಗೆ ಲೋಳೆಯನ್ನು ಸವರಿದಳು. ಉರಿ ಇಳಿಯಿತು. ತುಂಗಿ ಎಷ್ಟೋ ಹೊತ್ತಿನ ಮೇಲೆ ನಕ್ಕಳು.

"ಅಜ್ಜಿ, ಇನ್ನು ಬಿಸಿಲಿಗೆ ಕಳಿಸಲೇ?" ಭಾಗೀರತಮ್ಮ ಕೇಳಿದಳು.

"ಏ ಹುಚ್ಚಿ! ನಾನು ಸುಟ್ಟಮೇಲೆ ಸವರೋಳು. ಸುಡದ ಹಾಗೆ ಕಾಯೋಳು ಬೇರೆ ಇದಾಳೆ."

"ಯಾರಜ್ಜಿ? ಹೇಳು, ಈಗಲೇ ಹೋಗ್ತೀನಿ."

"ಹೇಳಿದರೂ ನೀನು ಹೋಗಲ್ಲ ಬಿಡು."

"ಅಜ್ಜೀ!"

"ಕೆಸರವ್ವ."

ಭಾಗೀರತಮ್ಮನ ಬಾಲ ತಾನಾಗೇ ಮೇಲೆದ್ದಿತು. ಒಮ್ಮೆ ಕೆರೆಯ ಕಡೆ ನೋಡಿದಳು. ಒಮ್ಮೆ ಮಗಳ ಪಕ್ಕೆಲುಬು ನೋಡಿದಳು. ಬಾಲ ನಿಧಾನಕ್ಕೆ ಕೆಳಗಿಳಿಯಿತು. ತಾಯಿ ಮಗಳು ಕೆರೆಯ ಕಡೆ ನಡೆದರು.

ದಡದಲ್ಲಿ ಭಾಗೀರತಮ್ಮ ತಲೆ ತಗ್ಗಿಸಿ ನಿಂತಳು. ಕೆಸರವ್ವ ಈ ಸಲ ಕರೆಯಲಿಲ್ಲ. ಕರೆಯುವ ಸ್ಥಿತಿಯಲ್ಲೇ ಇರಲಿಲ್ಲ ಆಕೆ. ಅಂಚಿನಿಂದ ನಡುವಿನವರೆಗೆ ಒಣಗಿ, ತುಂಗಿಯ ಬೆನ್ನಿನ ಹಾಗೆಯೇ ಗೆರೆಗೆರೆಯಾಗಿ ಬಿರಿದಿದ್ದಳು. ನೀರಿನ ಪಕ್ಕ ಒಂದಿಷ್ಟು ಜಾಗ ಮಾತ್ರ ಮೆತ್ತಗಿತ್ತು.

"ಕೆಸರವ್ವ," ಎಂದಳು ಭಾಗೀರತಮ್ಮ. "ಇಷ್ಟು ದಿನ ದೂರ ದೂರ ಅಂದೆ. ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?"

"ಇರೋ ಮುಖಾನೇ ಇಟ್ಟುಕೊಂಡು ಕೇಳಮ್ಮ, ಇನ್ನೊಂದು ಎಲ್ಲಿಂದ ತರ್ತೀಯ?" ಕೆಸರವ್ವ ನಕ್ಕಳು. "ಕೂಸಿನ ಮೈಗೆ ನಾನು ಹೊದಿಕೆ ಆಗ್ತೀನಿ. ಬಿಸಿಲು ನನ್ನ ಮೇಲೆ ಬೀಳಲಿ. ಆದರೆ ನನ್ನದೂ ಒಂದು ಕಷ್ಟ ಇದೆ ಕಣೇ. ಯಾರೂ ತುಳಿಯಲ್ಲ, ಯಾರೂ ಕಲಸಲ್ಲ. ನೀರು ಪಕ್ಕದಲ್ಲೇ ಇದ್ದರೂ ನನ್ನೊಳಗೆ ಇಳಿಯಲ್ಲ, ಬಿರಿದು ಹೋಗ್ತೀನಿ. ನೀವು ಬಂದು ಹೊರಳಿದರೆ ನೀರೂ ನಾನೂ ಬೆರೀತೀವಿ. ನಿಮ್ಮ ಮೈ ನಾನು ಕಾಯ್ತೀನಿ, ನನ್ನ ಮೈ ನೀವು ಕಾಯಿರಿ."

ಭಾಗೀರತಮ್ಮ ಮಗಳ ಕಡೆ ತಿರುಗಿದಳು. "ತುಂಗೀ, ಇಳಿ," ಎಂದಳು.

ತುಂಗಿ ಹಿಂದೆ ಸರಿದಳು. "ಮುಟ್ಟಲ್ಲಮ್ಮ. ಮೈಲಿಗೆ."

"ಇಲ್ಲ ಕಂದ, ಈಗ ಪರವಾಗಿಲ್ಲ."

"ನೀನೇ ಹೇಳಿದ್ದೆ. ದೂರ, ದೂರ ಅಂತ."

ನೋಡಿ, ಪೇಚಾಟ! ತಾನೇ ಕಲಿಸಿದ ಪಾಠ, ಈಗ ಹೇಗೆ ಅಳಿಸುವುದು? ದಡದ ತುಂಬ ಜನ ಸೇರಿದ್ದರು. ಹಸು, ಕುರಿ, ಆಮೆ, ತಲೆಯೆಲ್ಲ ಹೊರಗೆ ಚಾಚಿಕೊಂಡು. ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತು, "ಭಾಗೀರತಮ್ಮನೋರೇ, ಸ್ನಾನಕ್ಕೆ ಹೊರಟಿರೋ?" ಎಂದು ಕಿಸಕ್ಕನೆ ನಕ್ಕಿತು.

ಭಾಗೀರತಮ್ಮ ಅತ್ತ ತಿರುಗಲಿಲ್ಲ. ಕಲ್ಲಿನ ಮೇಲಿಂದ ಕಾಲು ತೆಗೆದಳು. ಮೆತ್ತನೆಯ ಜಾಗದಲ್ಲಿ ಇಟ್ಟಳು. ಮೊಣಕಾಲೂರಿದಳು. ಕಣ್ಣು ಮುಚ್ಚಿಕೊಂಡಳು. ಧೊಪ್ಪೆಂದು ಬಿದ್ದಳು! ಆಚೆ ಹೊರಳಿದಳು, ಈಚೆ ಹೊರಳಿದಳು. ಕಿವಿಗೆ ಕೆಸರು, ಕೊಂಬಿಗೆ ಕೆಸರು, ಜಂಬದ ಬಾಲದ ತುದಿಗೂ ಕೆಸರು. ಅಷ್ಟೂ ದಿನ ಚುರುಗುಟ್ಟುತ್ತಿದ್ದ ಅವಳ ಚರ್ಮ (ಮಗಳ ಚಿಂತೆಯಲ್ಲಿ ತನ್ನದನ್ನು ಅವಳು ಯಾರಿಗೂ ಹೇಳಿರಲಿಲ್ಲ) ಒಮ್ಮೆಗೇ ತಣ್ಣಗಾಯಿತು.

"ಆಹಾ," ಎಂದಳು ಭಾಗೀರತಮ್ಮ. ಅವಳ ಬಾಯಿಂದ ಅಂಥ ಉದ್ದನೆಯ "ಆಹಾ" ಯಾರೂ ಕೇಳಿರಲಿಲ್ಲ.

ತುಂಗಿ ಕಿವಿ ನಿಮಿರಿಸಿದಳು. "ಚೆನ್ನಾಗಿದೆಯೇನಮ್ಮಾ?"

"ಬಂದು ನೋಡೇ."

ಬಂದಳು. ಓಡಿಯೇ ಬಂದಳು. ಎಗರಿದ ಕೆಸರು ಬೆಳ್ಳಕ್ಕಿಯ ಕಾಲಿನವರೆಗೂ ಹಾರಿತು.

ಕೆಸರು ಹೊದ್ದು ತಾಯಿ ಮಗಳು ಬಯಲಿಗಿಳಿದರು. ಸೂರ್ಯ ಮೇಲಿಂದ ಸುಡುತ್ತಲೇ ಇದ್ದ, ಅವನ ಕೆಲಸ ಅವನದು. ಬಿಸಿಲು ಕೆಸರನ್ನು ಕಾಯಿಸಿತು, ಕೆಸರು ಒಣಗಿತು, ಒಳಗಿನ ಚರ್ಮಕ್ಕೆ ಸುದ್ದಿಯೇ ಮುಟ್ಟಲಿಲ್ಲ. ತುಂಗಿ ಹಳ್ಳ ಸೇರಿ ಮೂತಿ ಹುಗಿಸಿ ಹಸಿರು ಹುಲ್ಲು ಮೇದಳು. ಹೊಟ್ಟೆ ತುಂಬಿ ತೇಗಿದಳು. ಮಗಳ ಆ ತೇಗು ಕೇಳಿ ಭಾಗೀರತಮ್ಮನ ಕಣ್ಣಲ್ಲಿ ನೀರು ಬಂದು, ಕೆನ್ನೆಯ ಕೆಸರಿನ ಮೇಲೆ ಎರಡು ಗೆರೆ ಮೂಡಿತು.

ಸಂಜೆ ಮನೆಗೆ ಬಂದು ಕೆರೆಯಲ್ಲಿ ಸುಮ್ಮನೆ ಒಂದು ಮುಳುಗು. ಸೀಗೆಯೂ ಇಲ್ಲ, ನಾರೂ ಇಲ್ಲ. ಬಿರಿದ ಕಡೆಗೆ ಲೋಳೆಸರದಜ್ಜಿಯ ತಂಪು. ಹೊತ್ತು ಮುಳುಗಿದ ಮೇಲೆ ಎಳ್ಳಿನ ಎಣ್ಣೆ. ಮುಂಗಾರು ಬರುವ ಹೊತ್ತಿಗೆ ತುಂಗಿಯ ಬೆನ್ನು ಮಳೆಯಲ್ಲಿ ನೆನೆದ ಕರಿಕಲ್ಲಿನ ಹಾಗೆ ಹೊಳೆಯುತ್ತಿತ್ತು. ಎಮ್ಮೆಗಳೆಲ್ಲ ಬಂದು ತುಳಿದು ಕಲಸಿ, ಕೆಸರವ್ವನ ಮೈಯ ಬಿರುಕೂ ಕೂಡಿಕೊಂಡಿತ್ತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಬಿಸಿಲು ನೆತ್ತಿಗೇರಿತೆಂದರೆ ಎಮ್ಮೆ ಕೆರೆಯಂಚಿನ ಕೆಸರು ಹುಡುಕಿಕೊಂಡು ಹೋಗಿ, ಕಣ್ಣು ಮುಚ್ಚಿ ಕೂತುಬಿಡುತ್ತದೆ. ಎಷ್ಟು ಕೂಗಿದರೂ ಏಳುವುದಿಲ್ಲ. ಅದು ಕೊಳೆ ಮಾಡಿಕೊಂಡು ಕೂತಿಲ್ಲ, ನೆರಳು ಹೊದ್ದುಕೊಂಡು ಕೂತಿದೆ. ಇದು ಯಾವತ್ತು ಶುರುವಾಯಿತು ಅಂತ ಯಾರಾದರೂ ಕೇಳಿದರೆ ತಡವರಿಸಬೇಡಿ, ಗಟ್ಟಿಯಾಗಿ ಹೇಳಿ: ವೈಶಾಖ ಶುದ್ಧ ಏಕಾದಶಿ, ಗುರುವಾರ.