ತೆರೆಯದ ದಾಖಲೆ

ಪುರಸಭೆಯಲ್ಲಿ ಕೆಲಸಕ್ಕಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಕಚೇರಿಯ ಕಂಪ್ಯೂಟರಿನಲ್ಲಿ ಪರಿಚಯದವರೊಬ್ಬರ ದಾಖಲೆ ತೆರೆದು ನೋಡಿದೆ. ಯಾರಿಗೂ ಹೇಳಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ. ಸುಮ್ಮನೆ ನೋಡಿದರೆ ತಪ್ಪೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ತಪಾಸಣಾಧಿಕಾರಿಯಿದ್ದ. ಊರೂರಿನ ಕಚೇರಿಗಳಿಗೆ ಹೋಗಿ, ನೌಕರರು ಕಂಪ್ಯೂಟರಿನಲ್ಲಿ ಏನೇನು ತೆರೆದಿದ್ದಾರೆಂದು ಪರೀಕ್ಷಿಸುವುದು ಅವನ ಕೆಲಸ. ಒಬ್ಬ ಕ್ರಿಕೆಟ್ ನೋಡಿರುತ್ತಿದ್ದ. ಇನ್ನೊಬ್ಬ ಮಗಳನ್ನು ಕೊಡಲಿರುವ ಮನೆಯವರ ಆಸ್ತಿಪತ್ರ ಹುಡುಕಿರುತ್ತಿದ್ದ. ಇಪ್ಪತ್ತು ವರ್ಷ ಇದನ್ನೇ ನೋಡಿ ನೋಡಿ ಅವನಿಗೆ ಮನುಷ್ಯರ ಮೇಲಿನ ನಂಬಿಕೆಯೇ ಹೋಗಿತ್ತು.

ಒಂದು ಸಣ್ಣ ಪಟ್ಟಣದಲ್ಲಿ ಜನನ ಮರಣ ವಿಭಾಗವನ್ನು ಒಬ್ಬ ಗುಮಾಸ್ತೆ ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅರ್ಜಿಯಿಲ್ಲದೆ ಆಕೆ ಒಂದು ದಾಖಲೆಯನ್ನೂ ತೆರೆದಿರಲಿಲ್ಲ. ಅಧಿಕಾರಿ ಇದನ್ನು ನಂಬಲಿಲ್ಲ. ತೆರೆದ ಗುರುತನ್ನು ಕಂಪ್ಯೂಟರಿನಿಂದ ಅಳಿಸುವ ಉಪಾಯವನ್ನು ಈಕೆ ಕಲಿತಿರಬೇಕೆಂದುಕೊಂಡು ಎರಡು ದಿನ ಪಟ್ಟುಹಿಡಿದು ಹುಡುಕಿದ.

ಸಿಕ್ಕಿದ್ದು ಅವಳದೇ ಒಂದು ಅರ್ಜಿ. ಆಕೆ ಅನಾಥಾಲಯದಲ್ಲಿ ಬೆಳೆದವಳು. ಹುಟ್ಟಿದ್ದು ಅದೇ ಪಟ್ಟಣದಲ್ಲಿ. ಹೆತ್ತ ತಾಯಿಯ ಹೆಸರು ತಿಳಿಸಬೇಕೆಂದು ಕೇಳಿದ್ದಳು. ರಜೆ ಹಾಕಿ, ಎಲ್ಲರಂತೆ ಸಾಲಿನಲ್ಲಿ ನಿಂತು, ಕಿಟಕಿಯಲ್ಲಿ ಕೊಟ್ಟ ಅರ್ಜಿ. ಹೆಸರನ್ನು ಯಾರಿಗೂ ತಿಳಿಸಬಾರದೆಂದು ತಾಯಿ ಬರೆಸಿಹೋಗಿದ್ದುದರಿಂದ ಮೇಲಧಿಕಾರಿ ಅದನ್ನು ತಿರಸ್ಕರಿಸಿದ್ದರು. ಆ ಉತ್ತರವನ್ನು ಟೈಪು ಮಾಡುವುದು ಆ ವಿಭಾಗದ ಗುಮಾಸ್ತೆಯ ಕೆಲಸ. ಆಕೆ ತನಗೆ ತಾನೇ ಅದನ್ನು ಟೈಪು ಮಾಡಿ, ತನ್ನ ವಿಳಾಸ ಬರೆದು, ಅಂಚೆಗೆ ಹಾಕಿದ್ದಳು. ಅದಾಗಿ ಒಂಬತ್ತು ವರ್ಷವಾಗಿತ್ತು.

ತಾಯಿಯ ಹೆಸರಿದ್ದ ಆ ಜನನ ದಾಖಲೆಯನ್ನು ತೆರೆಯುವ ಅಧಿಕಾರ ಈಗ ಅಧಿಕಾರಿಗೂ ಇತ್ತು. ಅವನ ಬೆರಳು ಕೀಲಿಮಣೆಯ ಮೇಲೆಯೇ ಇತ್ತು. ಕೈ ಹಿಂದಕ್ಕೆ ತೆಗೆದುಕೊಂಡ.

ಅವಳನ್ನು ಕರೆಸಿದ. ಅನಾಥಾಲಯದ ವಿಷಯವನ್ನಾಗಲಿ ಅರ್ಜಿಯ ವಿಷಯವನ್ನಾಗಲಿ ಆಕೆ ಮುಚ್ಚಿಡಲಿಲ್ಲ. ಕೊನೆಗೆ ಅವನು ಕೇಳಿದ: “ಹನ್ನೊಂದು ವರ್ಷ ನಿಮ್ಮ ತಾಯಿಯ ಹೆಸರು ನಿಮ್ಮೆದುರಿಗೇ ಇತ್ತು. ನೋಡಬೇಕೆಂದು ಮನಸ್ಸು ಎಳೆಯಲಿಲ್ಲವೇ, ಅಮ್ಮ?”

“ದಿನವೂ ಎಳೆಯುತ್ತದೆ ಸಾರ್. ಹೆಸರು ಹೇಳಬೇಡಿ ಎಂದು ಆಕೆ ಕೇಳಿಕೊಂಡರು, ಕಚೇರಿ ಆಗಲಿ ಎಂದಿತು. ಆ ಕುರ್ಚಿಯಲ್ಲಿ ಕೂತ ಮೇಲೆ ಕಚೇರಿ ಎಂದರೆ ನಾನೇ ಅಲ್ಲವೇ? ಹೆತ್ತವಳಿಗೆ ನಾನು ಮಾಡಲು ಸಾಧ್ಯವಿರುವ ಸೇವೆ ಇದೊಂದೇ.”

ಹೊರಗೆ ಜನ ಕಾಯುತ್ತಿದ್ದಾರೆಂದು ಹೇಳಿ ಆಕೆ ತನ್ನ ಜಾಗಕ್ಕೆ ಹೋದಳು. ತಾನು ಎದ್ದು ನಿಂತಿರುವುದು ಅಧಿಕಾರಿಗೆ ಆಮೇಲೆ ತಿಳಿಯಿತು. ಯಾವಾಗ ಎದ್ದನೋ ಅವನಿಗೇ ನೆನಪಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಯಾವ ನೌಕರನೆದುರಿಗೂ ಹಾಗೆ ಎದ್ದವನಲ್ಲ. ವರದಿಯಲ್ಲಿ ಆ ವಿಭಾಗದ ಮುಂದೆ ‘ಆಕ್ಷೇಪಣೆ ಇಲ್ಲ’ ಎಂದು ಬರೆದ. ಅದಕ್ಕಿಂತ ಹೆಚ್ಚು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕುತೂಹಲ ತಡೆಯಲಾರದೆ ಕೇಳಿದ: “ಆ ತಾಯಿ ಯಾರು, ಗುರುಗಳೇ?”

ಗುರುಗಳು ಅವನ ಮುಖ ನೋಡಿದರು.

“ತಿಳಿದು ನಿನಗೇನಾಗಬೇಕು?”