‘ಈಗಿನದು’ ಎಂಬ ಬಿಲ್ಲೆ

ಆಶ್ರಮದಲ್ಲಿ ಒಂದು ದಾರ ಬದಲಾಗಿತ್ತು.

ಗೇಣುದ್ದದ ಹತ್ತಿಯ ದಾರ. ನಿನ್ನೆ ಅದರಲ್ಲಿ ಐದು ಗಂಟುಗಳಿದ್ದವು, ಇವತ್ತು ಎಂಟು. ಇದನ್ನು ಮೊದಲು ಕಂಡವನು ಕಪನಯ್ಯ ಎಂಬ ಶಿಷ್ಯ. ಕಂಡವನೇ ಅಂಬಲಿಯ ಬಟ್ಟಲನ್ನು ಕೆಳಗಿಟ್ಟ. ಮೂರು ವರ್ಷಗಳಲ್ಲಿ ಅವನು ಅಂಬಲಿ ಬಿಟ್ಟದ್ದು ಅದೇ ಮೊದಲು.

ವಿಷಯ ಎಷ್ಟು ಗಂಭೀರವಾದದ್ದು ಎಂದು ತಿಳಿಯಬೇಕಾದರೆ ಆಶ್ರಮದ ಕೆಲಸ ತಿಳಿದಿರಬೇಕು.

ಆಶ್ರಮ ಇದ್ದದ್ದು ಬಂಡೆಗಳೇ ತುಂಬಿದ ಒಂದು ಹೊಳೆಯ ದಡದಲ್ಲಿ. ಅಲ್ಲಿ ದೋಣಿ ನಡೆಯದು, ಕಾಲಿನಲ್ಲೇ ಹಾಯಬೇಕು. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಶಿಷ್ಯರು ಅಳೆದು ಓಲೆಯ ಮೇಲೆ ಬರೆಯುತ್ತಿದ್ದರು. ಆಶ್ರಮದ ಪುಸ್ತಕವೆಂದರೆ ಅದೇ. ಹಾಯಲು ಬಂದವರಿಗೆ ದಡದಲ್ಲಿ ನಿಂತು ಓದಿ ಹೇಳುತ್ತಿದ್ದರು. ಬಾಯಿಪಾಠದಿಂದ ಹೇಳುವಂತಿರಲಿಲ್ಲ. ಹಿಂದೊಬ್ಬ ಶಿಷ್ಯ ಹಾಗೆ ಹೇಳಲು ಹೋಗಿ ಒಂದು ಸಾಲು ಮರೆತಿದ್ದ. ಕೇಳಿದವನು ಮರಳಿ ಬರಲಿಲ್ಲ.

ಹೊಳೆ ಮಳೆಗಾಲಕ್ಕೊಮ್ಮೆ ಬದಲಾಗುತ್ತದೆ. ಒಮ್ಮೆ ಬರೆದು ಕಟ್ಟಿದ ಓಲೆಯ ಕಟ್ಟನ್ನು ಮಾತ್ರ ಯಾರೂ ತಿದ್ದುವಂತಿಲ್ಲ. ತಿದ್ದಬೇಕೆನಿಸಿದರೆ ಹೊಸ ಕಟ್ಟನ್ನೇ ಬರೆಯಬೇಕು.

ಕಟ್ಟುಗಳ ಮೇಲೆ ಹೆಸರಿಲ್ಲ. ಬರೆದವನ ಗುರುತಂತೂ ಇಲ್ಲವೇ ಇಲ್ಲ, ಎಲ್ಲರಿಗೂ ಒಂದೇ ಕೈಬರಹ ಕಲಿಸಲಾಗುತ್ತಿತ್ತು. ಇದ್ದದ್ದು ಕಟ್ಟಿನ ದಾರದಲ್ಲಿ ಗಂಟುಗಳ ಒಂದು ಸಾಲು. ಹತ್ತಿರ ಒಂದು, ದೂರ ಒಂದು, ಹೀಗೆ. ಒಂದು ಕಟ್ಟಿನ ಸಾಲು ಇನ್ನೊಂದರ ಹಾಗಿರಲಿಲ್ಲ.

ಹೆಸರುಗಳು ಜಗಲಿಯ ಗೋಡೆಯಲ್ಲಿ, ಮರದ ಬಿಲ್ಲೆಗಳ ಮೇಲೆ ಇದ್ದವು. ‘ಬೇಸಿಗೆಯದು’, ‘ದೊಡ್ಡ ನೆರೆಯದು’, ಹೀಗೆ ನಾಲ್ಕೈದು. ಬಿಲ್ಲೆ ತೂಗುವ ದಾರದಲ್ಲಿ ಯಾವ ಗಂಟುಗಳಿವೆಯೋ, ಅದೇ ಗಂಟುಗಳ ಕಟ್ಟಿಗೆ ಆ ಹೆಸರು. ‘ಈಗಿನದು’ ಎಂಬ ಬಿಲ್ಲೆ ಯಾವ ಕಟ್ಟನ್ನು ತೋರಿಸುತ್ತದೋ ಅದನ್ನೇ ದಡದಲ್ಲಿ ಓದಬೇಕು.

ನಿನ್ನೆಯವರೆಗೆ ಅದು ತೋರಿಸುತ್ತಿದ್ದದ್ದು ಕಪನಯ್ಯ ಬರೆದ ಕಟ್ಟನ್ನು.

ಅವನು ಗುರುಗಳ ಬಳಿಗೆ ಹೋದ.

“ಬುದ್ಧಿ, ಯಾರೋ ಪುಸ್ತಕ ತಿದ್ದಿದ್ದಾರೆ.”

“ನಿನ್ನ ಕಟ್ಟು ನೋಡಿದೆಯಾ?”

“ನೋಡಿದೆ.”

“ಎಷ್ಟು ಅಕ್ಷರ ಹೋಗಿದೆ?”

“ಒಂದೂ ಹೋಗಿಲ್ಲ.”

“ಮತ್ತೆ ಏನು ಹೋಗಿದೆ?”

ಕಪನಯ್ಯ ಯೋಚಿಸಿದ. “ಹೆಸರು ಹೋಗಿದೆ ಬುದ್ಧಿ.”

“ಬಿಲ್ಲೆ ಗೋಡೆಯಲ್ಲೇ ಇದೆಯಲ್ಲ.”

“ಬಿಲ್ಲೆ ಇದೆ. ಅದು ಇನ್ಯಾರದೋ ಕಟ್ಟಿನ ಕಡೆ ಕೈ ತೋರಿಸ್ತಾ ಇದೆ. ಯಾರು ಮಾಡಿದ್ದು?”

“ನಾನೇ. ಹೊಳೆ ಬದಲಾಗಿದೆ. ನಿರ್ವಾಣಿ ಹೊಸದು ಬರೆದುಕೊಟ್ಟ. ದಾರ ಬದಲಾಯಿಸಿದೆ.”

ಗುರುಗಳು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದರಿಂದ, ಅವರು ಯಾರನ್ನೋ ಕಾಪಾಡುತ್ತಿದ್ದಾರೆ ಎಂಬುದು ಕಪನಯ್ಯನಿಗೆ ಖಚಿತವಾಯಿತು.

“ಮುಂದಿನ ವಾರ ಸೋಸುವ ಕೆಲಸ ಇದೆ ಬುದ್ಧಿ. ಗೋಡೆಯ ಯಾವ ಬಿಲ್ಲೆಗೂ ಹೊಂದದ ಕಟ್ಟು ಬುಟ್ಟಿಗೆ ಹೋಗುತ್ತೆ. ನಲವತ್ತೆಂಟು ದಿನ ಕಳೆದರೆ ಹೊಳೆಗೆ. ನಾಲ್ಕು ತಿಂಗಳು ಎದೆಮಟ್ಟ ನೀರಲ್ಲಿ ನಿಂತು ಅಳೆದದ್ದು ನಾನು.”

“ನಿನ್ನ ಕಟ್ಟು ಎಲ್ಲೂ ಹೋಗಲ್ಲ.”

“ಹೇಗೆ ಹೇಳ್ತೀರಿ?”

“ಹೋಗಲ್ಲ ಅಂದೆನಲ್ಲ,” ಎಂದು ಗುರುಗಳು ಕಣ್ಣು ಮುಚ್ಚಿದರು.

ಕಾರಣ ಕೊಡದೆ ಧೈರ್ಯ ಹೇಳುವವರನ್ನು ಕಪನಯ್ಯ ಚಿಕ್ಕಂದಿನಿಂದಲೂ ನಂಬಿದವನಲ್ಲ.

ನಿರ್ವಾಣಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದ. ಇಬ್ಬರೂ ಒಂದೇ ವರ್ಷ ಆಶ್ರಮಕ್ಕೆ ಬಂದವರು.

“ಹೊಳೆ ಏನು ಬದಲಾಗಿದೆಯೋ?” ಎಂದು ಕಪನಯ್ಯ ಕೇಳಿದ.

“ಆನೆಬಂಡೆ ಜಾಗ ಬಿಟ್ಟಿದೆ. ಅದಿದ್ದ ಕಡೆ ಈಗ ಮಡು.”

“ಬಂಡೆ ನಡೆಯುತ್ತಾ?”

“ಉರುಳುತ್ತೆ ಕಣೋ. ಬೇಕಾದರೆ ಇಳಿದು ನೋಡು.”

“ನಾನು ಇಳಿಯೋದನ್ನೇ ಕಾಯ್ತಾ ಇದ್ದೀಯ.”

“ಬೇಡಪ್ಪ. ನಾನು ಬರೆದದ್ದನ್ನಾದರೂ ಓದು.”

“ಬರೆದವನೇ ಓದು ಅಂದರೆ ಅದರಲ್ಲಿ ಏನೋ ಇದೆ ಅಂತಲೇ ಅರ್ಥ.”

ನಿರ್ವಾಣಿ ಪಂಚೆ ಹಿಂಡಿದ. “ಓದಬೇಡ ಅಂದಿದ್ದರೆ?”

“ಆಗಲೂ ಅದೇ ಅರ್ಥ.”

“ಹಾಗಾದರೆ ನನ್ನ ಕೆಲಸ ಸುಲಭ ಆಯಿತು ಬಿಡು,” ಎಂದು ನಿರ್ವಾಣಿ ಪಂಚೆಯನ್ನು ಹಗ್ಗಕ್ಕೆ ಹರಡಿದ. ಮರುದಿನ ಅವನು ಹೊಳೆ ಹಾಯ್ದು ಅಕ್ಕನ ಊರಿಗೆ ಹೊರಟ. ಹೋಗಿ ಬರಲು ಒಂದು ವಾರ ಬೇಕು. ಇಂಥ ಸಮಯದಲ್ಲೇ ಊರಿಗೆ ಹೋಗುತ್ತಾನೆ ಎಂಬುದನ್ನೂ ಕಪನಯ್ಯ ಗಮನಿಸಿದ.

ಅವನು ತನಿಖೆ ಶುರು ಮಾಡಿದ. ಬಿಲ್ಲೆಗಳ ಕೆಳಗೆ ತೆಳುವಾಗಿ ವಿಭೂತಿ ಉದುರಿಸಿದ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಗುರುಗಳ ಹೆಜ್ಜೆ, ಅಡುಗೆಯವರ ಹೆಜ್ಜೆ, ಬೆಕ್ಕಿನ ಹೆಜ್ಜೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅವನದೇ ಹೆಜ್ಜೆಗಳು ಮೂಡಿದ್ದವು. ತನ್ನನ್ನು ಬಿಟ್ಟು ಉಳಿದ ಮೂವರನ್ನೂ ಅವನು ಪಟ್ಟಿಯಲ್ಲಿ ಉಳಿಸಿಕೊಂಡ.

ಗುರುಗಳ ಹೆಜ್ಜೆ ಒಳಕೋಣೆಯ ಕಡೆಗೆ ಹೋಗಿತ್ತು. ಆ ಕೋಣೆಗೆ ಶಿಷ್ಯರು ಹೋಗುವ ರೂಢಿ ಇರಲಿಲ್ಲ. ಬಾಗಿಲ ಸಂದಿನಿಂದ ಕಪನಯ್ಯ ನೋಡಿದ.

ಗೋಡೆಯುದ್ದಕ್ಕೂ ದಾರಗಳು. ನೂರಾರು. ಎಲ್ಲದರಲ್ಲೂ ಗಂಟುಗಳು. ಒಂದಕ್ಕೂ ಬಿಲ್ಲೆ ಇಲ್ಲ, ಹೆಸರಿಲ್ಲ. ಹಳೆಯವು ಹೊಗೆ ಹಿಡಿದು ಕಪ್ಪಾಗಿದ್ದವು. ಕೊನೆಯ ಮೊಳೆಯಲ್ಲಿ ಮಾತ್ರ ಬೆಳ್ಳಗಿನ ದಾರವೊಂದು ತೂಗುತ್ತಿತ್ತು.

ಅಷ್ಟು ದೂರದಿಂದ ಗಂಟು ಎಣಿಸಲಾಗಲಿಲ್ಲ. ಎಣಿಸುವ ಅಗತ್ಯವೂ ಅವನಿಗೆ ಕಾಣಲಿಲ್ಲ.

“ಬುದ್ಧಿ, ಒಳಕೋಣೆಯ ದಾರಗಳು ಯಾವ ಪುಸ್ತಕದವು?”

“ನೋಡಿದೆಯಾ?”

“ಕಣ್ಣಿಗೆ ಬಿತ್ತು.”

“ಬಾಗಿಲು ಮುಚ್ಚಿತ್ತಲ್ಲ.”

“ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಬಿತ್ತು. ಜನಕ್ಕೆ ಓದಿ ಹೇಳೋದು ಒಂದು ಪುಸ್ತಕ, ಒಳಗೆ ಇಟ್ಟುಕೊಳ್ಳೋದು ಇನ್ನೊಂದು ಅಂದರೆ ಏನು ತಿಳಿಯಬೇಕು ನಾವು?”

“ಪುಸ್ತಕ ಒಂದೇ. ಅವು ಓದಿ ಹೇಳೋಕೆ ಇರುವ ದಾರಗಳಲ್ಲ.”

“ಮತ್ತೆ?”

“ಮನೆ ಅಂದಮೇಲೆ ಒಳಗೂ ಒಂದಿಷ್ಟು ಇರುತ್ತೆ ಕಪನಯ್ಯ.”

ಈ ಉತ್ತರವನ್ನು ಅವನು ಮೂರು ದಿನ ಅಗಿದ. ಒಳಕೋಣೆಯ ಆ ಬೆಳ್ಳಗಿನ ದಾರ ನಿರ್ವಾಣಿಯದು ಎಂದು ತೀರ್ಮಾನಿಸಿದ. ನಿರ್ವಾಣಿಯನ್ನು ಹೊರಗಿನ ಗೋಡೆಯಲ್ಲೂ ಏರಿಸಿ ಒಳಗಿನ ಗೋಡೆಯಲ್ಲೂ ಏರಿಸಿದ್ದಾರೆ, ತನ್ನನ್ನು ಮಾತ್ರ ಹೊಳೆಗೆ ಬಿಡುತ್ತಾರೆ.

ಸೋಸುವ ಸರದಿ ಆ ವರ್ಷ ಕಪನಯ್ಯನದು.

ಸೋಸುವ ದಿನ ಸಂಜೆ ಜಗಲಿಯಲ್ಲಿ ಯಾರೂ ಇರಲಿಲ್ಲ. ಅವನು ‘ಈಗಿನದು’ ಬಿಲ್ಲೆಯ ಎಂಟು ಗಂಟಿನ ದಾರವನ್ನು ಕಿತ್ತು ಅಂಗಳಕ್ಕೆ ಎಸೆದ. ಹೊಸ ದಾರ ತೆಗೆದುಕೊಂಡು, ತನ್ನ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದ ಹಾಗೆಯೇ ಐದು ಗಂಟು ಹಾಕಿದ.

ಆಮೇಲೆ ನಿಯಮ ಹೇಳಿದಂತೆ ನಡೆದ. ಯಾವ ಬಿಲ್ಲೆಗೂ ಹೊಂದದ ಕಟ್ಟುಗಳನ್ನೆಲ್ಲ ಬುಟ್ಟಿಗೆ ತುಂಬಿದ. ಅರೆಬರೆ ಬರೆದವು, ಕೈ ತಪ್ಪಿದವು, ಹಳೆಯವು, ಒಟ್ಟು ಇನ್ನೂರು ಕಟ್ಟು. ನಿರ್ವಾಣಿಯ ಕಟ್ಟು ಈಗ ಯಾವ ಬಿಲ್ಲೆಗೂ ಹೊಂದುತ್ತಿರಲಿಲ್ಲವಾದ್ದರಿಂದ ಅದೂ ಅವುಗಳ ನಡುವೆ ಸೇರಿತು. ನಿಯಮದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ದಡದಲ್ಲಿ ಒಂಬತ್ತು ಜನ ಬಂದು ನಿಂತರು.

ಮುಂದೆ ಇದ್ದವಳು ರಾಚಮ್ಮ ಎಂಬ ಮುದುಕಿ. ಕೈಯಲ್ಲಿ ಬಿದಿರು ಕೋಲು, ತಲೆಯ ಮೇಲೆ ಒಂದರ ಮೇಲೊಂದು ಎರಡು ತುಪ್ಪದ ಗಡಿಗೆ. ಹಿಂದೆ ಅವಳ ಮೊಮ್ಮಗಳು, ತುಂಬಿದ ಬಸುರಿ, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಳು.

“ಬೇಗ ಓದಿ ಸ್ವಾಮಿ,” ಎಂದಳು ರಾಚಮ್ಮ. “ದಾರಿಯಲ್ಲೇ ನೋವು ಶುರುವಾಗಿದೆ. ಸೂಲಗಿತ್ತಿ ಇರೋದು ಆ ದಡದಲ್ಲಿ.”

ಕಪನಯ್ಯ ‘ಈಗಿನದು’ ತೋರಿಸಿದ ಕಟ್ಟನ್ನು ತಂದ. ತಾನೇ ಬರೆದದ್ದು. ಗಂಟಲು ಸರಿಮಾಡಿಕೊಂಡು ಓದಿದ.

“ಅರವತ್ತನೇ ಹೆಜ್ಜೆಗೆ ಆನೆಬಂಡೆ. ಅದರ ಮೇಲೆ ಕಾಲೂರಿ ನೇರ ನಡೆಯುವುದು.”

“ಬಂಡೆ ಅಲ್ಲೇ ಇದೆಯಾ?”

“ಬರೆದಿದೆ.”

“ಬರೆದಿದೆ ಅನ್ನೋದು ಕೇಳಿಸಿತು. ಇದೆಯಾ ಅಂದೆ.”

ಕಪನಯ್ಯ ಮತ್ತೆ ಓಲೆಯ ಕಡೆ ನೋಡಿದ. ಮುದುಕಿ ಅವನ ಮುಖವನ್ನು ಒಮ್ಮೆ ನೋಡಿ, “ನೀವೆಲ್ಲ ಇಲ್ಲೇ ಇರಿ, ನಾನು ಮೊದಲು ಹೋಗಿ ನೋಡ್ತೀನಿ,” ಎಂದು ಮನೆಯವರಿಗೆ ಹೇಳಿದಳು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಹಗ್ಗದ ತುದಿಯನ್ನು ಅಳಿಯನ ಕೈಗೆ ಕೊಟ್ಟು, ಕೋಲು ಕುಟ್ಟುತ್ತಾ ಇಳಿದಳು.

ಅರವತ್ತನೇ ಹೆಜ್ಜೆಗೆ ಕೋಲಿಗೆ ತಳ ಸಿಗಲಿಲ್ಲ. ಅವಳಿಗೂ ಸಿಗಲಿಲ್ಲ. ನೀರು ಕುತ್ತಿಗೆಗೆ ಬಂತು, ಆಮೇಲೆ ತಲೆಯೂ ಕಾಣಲಿಲ್ಲ, ತಲೆಯ ಮೇಲಿನ ಗಡಿಗೆಗಳೂ ಕಾಣಲಿಲ್ಲ. ಅಳಿಯ ಹಗ್ಗ ಎಳೆದ.

ದಡಕ್ಕೆ ಬಂದ ಮುದುಕಿ ಒಂದಷ್ಟು ನೀರು ಕಾರಿದಳು.

“ನಿಮ್ಮ ಬಂಡೆ ಸಂತೆಗೆ ಹೋಗಿದೆ ಸ್ವಾಮಿ. ಬೇರೆ ಏನಾದರೂ ಬರೆದಿದ್ದರೆ ಓದಿ.”

ಮೊಮ್ಮಗಳು ಮರಳಿನ ಮೇಲೆ ಕುಳಿತುಬಿಟ್ಟಳು. ಹಲ್ಲು ಕಚ್ಚಿ ನರಳುತ್ತಿದ್ದಳು.

ಕಪನಯ್ಯ ಬುಟ್ಟಿಯ ಬಳಿಗೆ ಓಡಿದ.

ಇನ್ನೂರು ಕಟ್ಟು. ಒಂದನ್ನೆತ್ತಿ ಓಲೆ ಸರಿಸಿ ಓದಿದ, ಇನ್ನೊಂದನ್ನೆತ್ತಿದ. ಎಲ್ಲದರಲ್ಲೂ ಒಂದೇ ಕೈಬರಹ, ಎಲ್ಲದರಲ್ಲೂ ಮೊದಲ ನಲವತ್ತು ಹೆಜ್ಜೆ ಒಂದೇ. ಐದಾರು ಕಟ್ಟುಗಳಲ್ಲಿ ಆನೆಬಂಡೆಯೇ ಇರಲಿಲ್ಲ. ಯಾವ ಕಾಲದ ಹೊಳೆಯೋ ಅವು.

ನಿರ್ವಾಣಿಯ ಕಟ್ಟನ್ನು ಅವನು ಎಂದೂ ಓದಿರಲಿಲ್ಲ. ಅದರ ಎಂಟು ಗಂಟುಗಳಲ್ಲಿ ಯಾವುದು ಹತ್ತಿರ, ಯಾವುದು ದೂರ ಎಂದು ನೋಡಿರಲೂ ಇಲ್ಲ. ಎಂಟು ಗಂಟಿನ ಕಟ್ಟುಗಳು ಬುಟ್ಟಿಯಲ್ಲಿ ಮೂವತ್ತಾದರೂ ಇದ್ದವು.

ಗುರುಗಳು ಬಂದು ಪಕ್ಕದಲ್ಲಿ ನಿಂತರು. ಅವರ ಕೈಯಲ್ಲಿ ಮಣ್ಣಾದ ಒಂದು ದಾರ ಇತ್ತು.

“ಅಂಗಳ ಗುಡಿಸುವಾಗ ಸಿಕ್ಕಿತು,” ಎಂದರು. “ಒಳಗೆ ತೂಗಿಸೋಣ ಅಂತ ಹೊರಟಿದ್ದೆ.”

ಕಪನಯ್ಯ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಒಂದೊಂದು ಕಟ್ಟಿಗೂ ಹಿಡಿದು ನೋಡುತ್ತಾ ಹೋದ. ಇಪ್ಪತ್ತಮೂರನೆಯದು ಹೊಂದಿತು.

ಗುರುಗಳೇ ದಡಕ್ಕೆ ಹೋಗಿ ಓದಿದರು.

“ಐವತ್ತೆಂಟನೇ ಹೆಜ್ಜೆಗೆ ನಿಲ್ಲುವುದು. ಮುಂದೆ ಮಡು. ಬಲಕ್ಕೆ ತಿರುಗಿ ಮರಳಿನ ಮೇಲೆ ಹನ್ನೊಂದು ಹೆಜ್ಜೆ.”

“ಇದು ಇದೆಯೋ, ಬರೆದಿದೆಯೋ?” ಎಂದಳು ರಾಚಮ್ಮ.

“ಬರೆದವನು ಆರು ದಿನದ ಹಿಂದೆ ಇದರಲ್ಲೇ ಹಾಯ್ದ. ಆದರೂ ಕೋಲು ಕುಟ್ಟಿಕೊಂಡೇ ಹೋಗಮ್ಮ.”

ಮೊಮ್ಮಗಳನ್ನು ನಾಲ್ವರು ಎತ್ತಿಕೊಂಡರು. ಮುದುಕಿ ಮತ್ತೆ ಮುಂದೆ ನಡೆದಳು. ಅವರೆಲ್ಲ ಆ ದಡದ ಪೊದೆಗಳ ಹಿಂದೆ ಮರೆಯಾಗುವವರೆಗೆ ಕಪನಯ್ಯ ಕೂರಲಿಲ್ಲ.

ಗುರುಗಳು ಅವನನ್ನು ಒಳಕೋಣೆಗೆ ಕರೆದೊಯ್ದರು.

“ಕೊನೆಯ ಮೊಳೆಯಲ್ಲಿರೋ ದಾರ ಓದು.”

ಕಪನಯ್ಯ ಬೆರಳಿಂದ ಎಣಿಸಿದ. ಐದು ಗಂಟು. ಎರಡು ಹತ್ತಿರ, ಮೂರು ದೂರ.

“ಯಾರ ಕಟ್ಟಿನದು?”

“ನನ್ನದು ಬುದ್ಧಿ. ಯಾವಾಗ ತೂಗಿಸಿದಿರಿ?”

“ಹೊರಗೆ ಬಿಚ್ಚಿದ ದಿನವೇ. ಒಮ್ಮೆ ‘ಈಗಿನದು’ ಆಗಿದ್ದ ಕಟ್ಟಿನ ದಾರ ಇಲ್ಲಿಗೆ ಬರುತ್ತೆ. ನೀವು ಸೋಸಿಟ್ಟ ಬುಟ್ಟಿ ಹೊಳೆಗೆ ಹೋಗೋ ಮೊದಲು, ಈ ದಾರಗಳಿಗೆ ಹೊಂದುವ ಕಟ್ಟುಗಳನ್ನು ನಾನು ವಾಪಸು ತೆಗೆದಿಡ್ತೀನಿ. ಹೊಳೆ ಯಾವಾಗ ಹಳೆಯ ದಾರಿಗೆ ಹೋಗುತ್ತೋ ಹೇಳೋಕಾಗಲ್ಲ.”

“ಇದನ್ನು ಅವತ್ತೇ ಹೇಳಬಹುದಿತ್ತು.”

“ಎಲ್ಲೂ ಹೋಗಲ್ಲ ಅಂದೆ.”

“ನಾನು ನಂಬಲಿಲ್ಲ.”

“ಆ ಮುದುಕಿಯೂ ನಂಬಲಿಲ್ಲ. ಆದರೆ ಅವಳು ನೀರಿಗೆ ಕೋಲು ಹಾಕಿ ನೋಡಿದಳು.”

ಕಪನಯ್ಯ ತಲೆ ತಗ್ಗಿಸಿದ. ಕಪ್ಪಾದ ಹಳೆಯ ದಾರವೊಂದನ್ನು ಮುಟ್ಟಿ ಕೇಳಿದ, “ಈ ದಾರಗಳಿಗೆ ಹೆಸರು ಯಾಕೆ ಇಲ್ಲ?”

“ಹೆಸರು ಕೂಗಿ ಕರೆಯೋಕೆ. ಇವನ್ನು ಯಾರೂ ಕರೆಯಲ್ಲ.”

“ಹಾಗಾದರೆ ಈಗ ನನ್ನ ಕಟ್ಟು?”

“ಹೆಸರಿಲ್ಲ. ಇದೆ.”

ಕಪನಯ್ಯ ಜಗಲಿಗೆ ಹೋಗಿ ‘ಈಗಿನದು’ ಬಿಲ್ಲೆಗೆ ಎಂಟು ಗಂಟಿನ ದಾರ ಕಟ್ಟಿದ. ಕಟ್ಟಿದ ಮೇಲೆ ನಿರ್ವಾಣಿಯ ಕಟ್ಟನ್ನು ಮೊದಲಿಂದ ಕೊನೆಯವರೆಗೆ ಓದಿದ. ಓದಿ, ಕೋಲು ತೆಗೆದುಕೊಂಡು ಹೊಳೆಗಿಳಿದು, ಹನ್ನೊಂದು ಹೆಜ್ಜೆಗಳನ್ನೂ ಕುಟ್ಟಿ ನೋಡಿ ಬಂದ.

ಮರುದಿನ ನಿರ್ವಾಣಿ ಆ ದಡದಿಂದ ಹಾಯ್ದು ಬಂದ. ಬಂದವನು ನೇರವಾಗಿ ಗುರುಗಳ ಬಳಿಗೆ ಹೋಗಿ ಬಹಳ ಹೊತ್ತು ಮಾತಾಡಿದ. ಏನು ಮಾತಾಡಿದ ಎಂದು ಕಪನಯ್ಯ ಕೇಳಲಿಲ್ಲ. ಕೇಳಬೇಕೆಂದು ಅವನಿಗೆ ತುಂಬಾ ಅನಿಸಿತ್ತು.

ಗುರುಗಳು ಅವನನ್ನು ಕರೆದು ಹೊಸ ಓಲೆ ಕೊಟ್ಟರು.

“ನಿನ್ನೆ ಹಾಯ್ದವರ ವಿಷಯ ಬರೆದಿಡು.”

ಕಪನಯ್ಯ ಓಲೆ ಬರೆಯುವ ಕಬ್ಬಿಣದ ಕಂಠ ಹಿಡಿದು ಕೂತ. ತನ್ನ ಹೆಸರನ್ನು ಎಷ್ಟನೇ ಸಾಲಿನಲ್ಲಿ ಬರೆಸುತ್ತಾರೋ ಎಂದು ಗುರುಗಳ ಮುಖವನ್ನೇ ನೋಡಿದ.

“ಏನಂತ ಬರೆಯಲಿ ಬುದ್ಧಿ?”

“ಇಳಿದವರು ಒಂಬತ್ತು ಜನ. ದಡ ಸೇರಿದವರು ಒಂಬತ್ತು ಜನ. ಸಂಜೆಗೆ ಹತ್ತಾದರು. ಗಡಿಗೆ ಎರಡು ಹೋದವು.”