ಕಸ್ತೂರೆವ್ವನ ಅರ್ಧ ಮಾತು

ಮುಳಗೇರಿಯಿಂದ ಹಂಚಿನಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ದೊಡ್ಡಹಳ್ಳದ ಈಚೆ ದಂಡೆಯ ಮೇಲೆ, ಪರಮಪೂಜ್ಯ ಶ್ರೀ ಮರಳಸಿದ್ಧ ಅಜ್ಜನವರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಭಕ್ತರು ಅದನ್ನು ಮಠವೆಂದು ಕರೆಯುತ್ತಿದ್ದರೇ ಹೊರತು ಅಲ್ಲಿ ಮಠದ ಲಕ್ಷಣವೊಂದೂ ಇರಲಿಲ್ಲ. ಮೂರು ಮಣ್ಣಿನ ಗೋಡೆ, ಮೇಲೆ ತಗಡು, ಮುಂದೊಂದು ಬೇವಿನ ಮರ. ಹಾದಿಹೋಕರಿಗೆ ಮಧ್ಯಾಹ್ನ ಜೋಳದ ನುಚ್ಚು, ಬೇಳೆ ಸಾರು ಸಿಗುತ್ತಿತ್ತು. ಉಣ್ಣುವವರಿಗೆ ಬೇಕಾದ ಮುತ್ತುಗದ ಎಲೆಗಳನ್ನು ಪೂಜ್ಯರು ತಾವೇ ಕುಳಿತು, ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ದರ್ಶನಕ್ಕೆ ಬಂದವರು ಪಾದ ಮುಟ್ಟಲು ಬಗ್ಗಿದರೆ, "ಹೆಂಗೂ ಬಗ್ಗಿದ್ದಿ, ಆ ಎಲಿ ಸಿವುಡು ಇತ್ತ ತಗಿ" ಎನ್ನುತ್ತಿದ್ದರು. ಮಾತು ಕಡಿಮೆ. ಆಡಿದ ಮಾತನ್ನು ತಿರುಗಿ ಆಡುವ ರೂಢಿಯೂ ಅವರಿಗಿರಲಿಲ್ಲ.

ಒಂದು ಕಾರ್ತಿಕ ಸೋಮವಾರ, ಮುಂಜಾನೆ ಹತ್ತರ ಹೊತ್ತಿಗೆ, ಆ ಬೇವಿನ ಮರಕ್ಕೆ ಸೈಕಲ್ ಆನಿಸಿ ಒಬ್ಬ ಒಳಗೆ ಬಂದ. ಅವನ ಹೆಸರು ಫಕೀರಪ್ಪ ಕೊಂಗವಾಡ. ಮುಳಗೇರಿಯ ಪೇಟೆಯಲ್ಲಿ ಅವನದೊಂದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಪುರಾಣ, ಚುನಾವಣೆ ಸಭೆ, ಯಾವುದೇ ಇರಲಿ, ಸುತ್ತಲಿನ ಇಪ್ಪತ್ತು ಹಳ್ಳಿಗೆ ಅವನ ಭೋಂಗಾಗಳೇ, ಆ ದೊಡ್ಡ ಬಾಯಿಯ ಧ್ವನಿವರ್ಧಕಗಳೇ, ಹೋಗಬೇಕು. ದೇವರ ವಿಷಯದಲ್ಲಿ ಅವನಿಗೆ ಅಷ್ಟಕ್ಕಷ್ಟೆ. ಎಲ್ಲ ಸ್ವಾಮಿಗಳ ಪ್ರವಚನವನ್ನೂ ಮೈಕಿನ ಪಕ್ಕ ಕೂತು ಕೇಳಿ ಕೇಳಿ ಅವನ ಕಿವಿ ಬೇಸತ್ತಿದ್ದವು. ಅವನು ನಂಬಿದ್ದು ಒಬ್ಬರನ್ನೇ, ಶಾಸಕ ಕುಬೇರಗೌಡರನ್ನು.

ಆ ನಂಬಿಕೆಗೆ ಕಾರಣವೂ ಇತ್ತು. ಆರು ವರ್ಷದ ಹಿಂದೆ ಅಂಗಡಿಗೆ ಕರೆಂಟು ಕೊಡಿರೆಂದು ಫಕೀರಪ್ಪ ಎಂಟು ತಿಂಗಳು ಕಚೇರಿ ಅಲೆದಿದ್ದ. ಅಲ್ಲಿನ ಸಾಹೇಬ ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಆಗಿನ್ನೂ ಹೊಸದಾಗಿ ಗೆದ್ದಿದ್ದ ಕುಬೇರಗೌಡರು ಒಂದು ದಿನ ಅವನ ರಟ್ಟೆ ಹಿಡಿದು ಕಚೇರಿಯೊಳಗೆ ಕರೆದೊಯ್ದು ಮೇಜು ಕುಟ್ಟಿದರು. "ಇವತ್ತು ಸಂಜಿಯೊಳಗ ಇವನ ಅಂಗಡ್ಯಾಗ ದೀಪ ಹತ್ತಬೇಕು. ಇಲ್ಲಾಂದ್ರ ನಿನ್ನ ಕುರ್ಚಿ ಎತ್ತಿ ರಸ್ತಾಕ್ಕ ಒಗೀತೀನಿ!" ಸಂಜೆಗೆ ದೀಪ ಹತ್ತಿತು. ಅಂದಿನಿಂದ ಗೌಡರ ಸಭೆ ಎಲ್ಲೇ ಇರಲಿ, ಅವರು ಕರೆಯುವ ಮೊದಲೇ ಫಕೀರಪ್ಪ ಹೋಗಿ ಕಂಬಕ್ಕೆ ಭೋಂಗಾ ಕಟ್ಟುತ್ತಿದ್ದ.

ಬರಬರುತ್ತ ಗೌಡರ ಆ ನಾಲಿಗೆ ಜನರ ಕಡೆಗೆ ತಿರುಗಿತು. ಪಿಂಚಣಿ ಕೇಳಲು ಬಂದ ಮುದುಕನಿಗೆ "ಇನ್ನೂ ಸತ್ತಿಲ್ಲೇನು ನೀ?" ಅಂದರು. ಶಾಲೆಗೆ ಮಾಸ್ತರನಿಲ್ಲ ಎಂದವನಿಗೆ "ನೀ ಕಲತು ಏನು ಉದ್ಧಾರ ಮಾಡಿದಿ?" ಅಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮೇಜು ಕುಟ್ಟಿದ್ದೂ ಇದೂ ಒಂದೇ ಧೈರ್ಯವೆಂದು ಫಕೀರಪ್ಪ ತಿಳಿದುಕೊಂಡಿದ್ದ. "ಗೌಡ್ರ ಬಾಯಿ ಬಿರುಸು ಖರೆ, ಒಳಗೊಂದು ಹೊರಗೊಂದು ಇಲ್ಲ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಈ ಅಭಿಮಾನವೇ ಅವನನ್ನು ಅಂದು ಅಜ್ಜನವರ ಬಳಿ ತಂದಿತ್ತು. ಮುಂದಿನ ಭಾನುವಾರ ಗೌಡರ ಅಭಿಮಾನಿಗಳೆಲ್ಲ ಸೇರಿ ಅವರಿಗೆ 'ನೇರನುಡಿಯ ಸಿಂಹ' ಎಂಬ ಬಿರುದು ಕೊಡುವವರಿದ್ದರು. ಶಾಲು ಹೊದಿಸಲು ಪೂಜ್ಯರೇ ಆಗಬೇಕು, ಅವರ ಕೈಯಿಂದಾದರೆ ಯಾರೂ ಕೊಂಕು ತೆಗೆಯಲಾರರು ಎಂಬುದು ಎಲ್ಲರ ಎಣಿಕೆ.

ಫಕೀರಪ್ಪ ಕೈಮುಗಿದು ವಿಷಯ ಹೇಳಿದ. ಕರೆಂಟಿನ ಕಥೆಯನ್ನೂ ಹೇಳಿದ.

"ಚೊಲೊ ಮಾಡ್ಯಾರ" ಎಂದರು ಅಜ್ಜನವರು, ಎಲೆಗೆ ಕಡ್ಡಿ ಚುಚ್ಚುತ್ತ. "ಮತ್ತ?"

ಕೇಳುವವರು ಸಿಕ್ಕರೆಂದು ಫಕೀರಪ್ಪನಿಗೆ ಹುರುಪು ಬಂತು. "ಮೊನ್ನಿ ಭಾದ್ರಪದದಾಗ ಹಂಚಿನಕೊಪ್ಪದಾಗ ಸಭಾ ಇತ್ರಿ ಅಜ್ಜಾರ. ಒಬ್ಬಾಕಿ ಎದ್ದು ನಿಂತು, ಹಳ್ಳಕ್ಕ ಸೇತುವಿ ಇಲ್ಲ, ಹಡಿಯಾಕ ಬಂದ ನನ್ನ ಮಗಳು ದಾಟಾಕ ಆಗದ ಸತ್ಲು ಅಂತ ಶುರು ಮಾಡಿದ್ಲು. ಗೌಡ್ರು ನಡುವ ತಡದು ಏನಂದ್ರು ಗೊತ್ತೇನ್ರಿ? 'ಹಳ್ಳ ಯಾವಾಗ ಬರತೈತಿ ಅಂತ ಲೆಕ್ಕಾ ಹಾಕಿ ಬಸರಾಗಬೇಕಿತ್ತು' ಅಂದ್ರು! ಸಭಾಕ್ಕ ಸಭಾನ ಬಿದ್ದು ಬಿದ್ದು ನಕ್ಕಿತ್ರಿ. ನಾ ಅಂತೂ ಹಿಂದಿನ ಮಂದೀಗೂ ಕೇಳ್ಲಿ ಅಂತ ದನಿ ಏರಿಸಿದ್ನಿ."

ಅಜ್ಜನವರ ಕೈ ನಿಂತಿತು.

"ಆ ಮಾತು ನಿನಗ ಚೊಲೊ ಅನಿಸ್ತೇನು, ತಮ್ಮಾ?"

"ಹೂಂನ್ರಿ. ಇದ್ದದ್ದನ್ನ ಇದ್ದಂಗ ಅಂದ್ರಲ್ರಿ. ಈಗಿನ ಕಾಲದಾಗ ಮುಲಾಜಿಲ್ಲದ ಮಾತಾಡಾವ್ರು ಯಾರದಾರ?"

"ಹಂಗಾರ ಇನ್ನೊಮ್ಮೆ ಅನ್ನು. ಈ ಸಲ ಆಕೀ ಮಾರಿ ನೋಡಿ ಅನ್ನು."

ಪೂಜ್ಯರು ತೋರಿಸಿದ ಕಡೆಗೆ ಫಕೀರಪ್ಪ ತಿರುಗಿದ. ಒಳಗೋಡೆಗೆ ಬೆನ್ನು ಕೊಟ್ಟು, ಹಚ್ಚಿದ ಎಲೆಗಳನ್ನು ಹತ್ತು ಹತ್ತರಂತೆ ಜೋಡಿಸುತ್ತ ಒಬ್ಬ ಹೆಂಗಸು ಕೂತಿದ್ದಳು. ಸುಮಾರು ಐವತ್ತರ ವಯಸ್ಸು, ಬಣ್ಣ ಮಾಸಿದ ಇಳಕಲ್ ಸೀರೆ. ಬಂದಾಗಿನಿಂದ ಅವನು ಅವಳನ್ನು ನೋಡಿಯೂ ನೋಡಿರಲಿಲ್ಲ. ಹಂಚಿನಕೊಪ್ಪದ ಸಭೆಯಲ್ಲೂ ಅಷ್ಟೆ. ಅವಳ ದನಿ ಅವನ ಮೈಕಿನ ಪೆಟ್ಟಿಗೆಯ ಮೂಲಕವೇ ಹೋಗಿದ್ದರೂ ಮುಖವನ್ನು ಅವನು ನೋಡಿರಲಿಲ್ಲ. ಆಕೆಯೇ ಕಸ್ತೂರೆವ್ವ. ಸಭೆಯ ನಗುವಿನ ನಡುವೆ ಮಾತು ನಿಲ್ಲಿಸಿ ಮನೆಗೆ ಹೋದವಳು, ಆಮೇಲೆ ಊರಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ. ಹಳ್ಳ ಇಳಿದ ಮೇಲೆ ದಿನವೂ ದಾಟಿ ಬಂದು ಅಜ್ಜನವರ ಹತ್ತಿರ ಎಲೆ ಹಚ್ಚಿ ಹೋಗುತ್ತಿದ್ದಳು.

ಫಕೀರಪ್ಪ ಬಾಯಿ ತೆರೆದ. ಈಗಷ್ಟೇ ರಸವತ್ತಾಗಿ ಆಡಿದ್ದ ಮಾತು. ಒಂದೊಂದು ಅಕ್ಷರವೂ ನೆನಪಿತ್ತು. ತೆರೆದ ಬಾಯಿಯನ್ನು ಮುಚ್ಚಿ, ಅವಳ ಮುಂದಿನ ಎಲೆಗಳನ್ನು ನೋಡಿದ.

"ಅನ್ನಪಾ" ಎಂದಳು ಕಸ್ತೂರೆವ್ವ. ಎರಡು ತಿಂಗಳಲ್ಲಿ ಹೊರಗಿನವರೊಡನೆ ಆಕೆ ಆಡಿದ ಮೊದಲ ಮಾತು ಅದು. "ಅವತ್ತು ಊರಿಗೆಲ್ಲಾ ಕೇಳೂವಂಗ ಕೇಳಿಸಿದಿ. ಈಗ ಸಣ್ಣ ದನೀಲೆ ಅನ್ನು, ನಡೀತೈತಿ."

"ಯವ್ವಾ, ತಪ್ಪಾತು" ಅಂದ ಫಕೀರಪ್ಪ. ಅವನ ದನಿ ಅವನಿಗೇ ಕೇಳಿಸುವಂತಿರಲಿಲ್ಲ.

"ಗೌಡ್ರು ಅಂದ್ರು, ಮಂದಿ ನಕ್ರು. ಅದು ಅವರವರ ಬಾಯಿ. ನಿನಗ ನಾ ಏನ್ ಮಾಡಿದ್ನಿ? ನೀ ಯಾಕ ದನಿ ಏರಿಸಿದಿ?"

ಗೌಡರ ಪರವಾಗಿ ಏನಾದರೂ ಹೇಳಬೇಕೆಂಬ ಹಟ ಇನ್ನೂ ಫಕೀರಪ್ಪನ ಒಳಗೆಲ್ಲೋ ಮಿಸುಕಾಡುತ್ತಿತ್ತು. ಅಜ್ಜನವರ ಕಡೆ ತಿರುಗಿ, "ಆದರ ಅಜ್ಜಾರ, ಅವರು ನನ್ನ ಸಲುವಾಗಿ ಮೇಜು ಕುಟ್ಟಿದ್ದು ಸುಳ್ಳಲ್ರಿ" ಎಂದ.

"ಸುಳ್ಳಲ್ಲ. ಆ ಸಾಹೇಬ ನಿನ್ನ ತುಳದಿದ್ದ. ತುಳದಾಂವನ ಎದುರು ನಿಂತು ಬೈದ್ರು, ಅದು ಧೈರ್ಯ." ಪೂಜ್ಯರು ಮತ್ತೊಂದು ಎಲೆ ಎತ್ತಿಕೊಂಡರು. "ಈಕಿ ಯಾರನ್ನ ತುಳದಾಳ?"

ಫಕೀರಪ್ಪ ಕೇಳಿದ. "ಹಂಗಾರ ಭಾನುವಾರ ಬರೂದಿಲ್ಲೇನ್ರಿ?"

"ಬರ್ತೀನಿ. ಈಕೀನೂ ಬರ್ತಾಳ. ಮಾತು ಅರ್ಧಕ್ಕ ನಿಂತೈತಿ, ಮುಗಿಸ್ಲಿ."

ಸೈಕಲ್ ತುಳಿಯದೆ ತಳ್ಳಿಕೊಂಡೇ ಫಕೀರಪ್ಪ ಊರಿಗೆ ಬಂದ. ಅಜ್ಜಾರು ಒಪ್ಪಿದರು ಎಂದಷ್ಟೇ ಸಂಗಡಿಗರಿಗೆ ಹೇಳಿದ. ಉಳಿದದ್ದನ್ನು ಹೇಳಿದ್ದರೆ ಕಸ್ತೂರೆವ್ವನನ್ನು ಮೈದಾನದ ಬಾಗಿಲಲ್ಲೇ ತಡೆಯುತ್ತಿದ್ದರೆಂದು ಅವನಿಗೆ ಗೊತ್ತಿತ್ತು. ಆ ವಾರವೆಲ್ಲ ಗೌಡರಿಗೆ ಎರಡು ಬಗೆಯುತ್ತಿದ್ದೇನೆ ಎನ್ನಿಸಿತು. ಕಸ್ತೂರೆವ್ವನ ಪ್ರಶ್ನೆ ನೆನಪಾದರೆ, ಇಷ್ಟು ವರ್ಷ ತಾನು ಮಾಡಿದ್ದೇನು ಎನ್ನಿಸಿತು. ತಾನೇ ಹೋಗಿ ಗೌಡರಿಗೆ ಹೇಳಿಬಿಡಬೇಕೆಂದು ಒಂದು ದಿನ ಅವರ ಮನೆಯ ಕಟ್ಟೆಯವರೆಗೂ ನಡೆದು, ಚಪ್ಪಲಿ ಬಿಡುವ ಜಾಗದಿಂದಲೇ ಹಿಂದಿರುಗಿದ.

ಭಾನುವಾರ ಮುಳಗೇರಿಯ ಶಾಲೆಯ ಮೈದಾನ ತುಂಬಿತ್ತು. ಅಜ್ಜನವರು ಆರು ಮೈಲಿ ನಡೆದೇ ಬಂದರು, ಹಿಂದೆ ಕಸ್ತೂರೆವ್ವ. ಪೂಜ್ಯರಿಗಾಗಿ ಇಟ್ಟ ಬೆಳ್ಳಿ ಬಣ್ಣದ ಕುರ್ಚಿಯಲ್ಲಿ ಅವರು ಕೂರಲಿಲ್ಲ. ವೇದಿಕೆಯ ಅಂಚಿನಲ್ಲಿ ನೆಲದ ಮೇಲೆ ಕುಳಿತರು. ಭಾಷಣಗಳಾದವು. ಗೌಡರು ಯಾರ ಬಾಯಿ ಹೇಗೆ ಮುಚ್ಚಿಸಿದರು ಎಂಬುದನ್ನು ಒಬ್ಬರಾದ ಮೇಲೊಬ್ಬರು ವರ್ಣಿಸಿದರು. ಕುಬೇರಗೌಡರು ಮೀಸೆಯ ಮೇಲೆ ಕೈಯಾಡಿಸುತ್ತ ಕೂತಿದ್ದರು. ವೇದಿಕೆಯ ಎಡಕ್ಕೆ ತನ್ನ ಪೆಟ್ಟಿಗೆಯ ಮುಂದೆ ಕೂತ ಫಕೀರಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಕೊನೆಗೆ ಶಾಲನ್ನು ಅಜ್ಜನವರ ಕೈಗೆ ಕೊಟ್ಟರು. ಪೂಜ್ಯರು ಅದನ್ನು ಮಡಿಕೆ ಬಿಚ್ಚದೆ ಆ ಖಾಲಿ ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಬಂದರು.

"ಶಾಲು ಆಮ್ಯಾಲೆ. ಹಂಚಿನಕೊಪ್ಪದಾಗ ಒಬ್ಬಾಕಿ ಮಾತಾಡಾಕ ಹತ್ತಿದ್ಲು, ನಡುವ ನಿಲ್ಲಿಸಿದ್ರು. ಇದು ನೇರನುಡಿಯ ಸಭಾ ಅಂತೀರಿ. ಆಕೀ ನುಡಿ ಮೊದಲು ಕೇಳೂಣು."

ಜನರಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಕಸ್ತೂರೆವ್ವ ಮೆಟ್ಟಿಲು ಹತ್ತಿದ್ದಳು. ಸೆರಗನ್ನು ಬಿಗಿಯಾಗಿ ಹಿಡಿದು, ಮೈಕನ್ನು ನೋಡದೆ, ಎದುರಿಗಿದ್ದ ಜನರನ್ನು ನೋಡಿದಳು.

"ಅವತ್ತು ನಾ ಹೇಳಾಕ ಬಂದಿದ್ದು ಇಷ್ಟು. ಹಳ್ಳ ಬಂದಿತ್ತು. ಮಗಳನ್ನ ಬಂಡ್ಯಾಗ ಮಲಗಿಸಿಕೊಂಡು ಮುಂಜಾನಿಂದ ದಂಡಿ ಮ್ಯಾಲೆ ಕುಂತಿದ್ನಿ. ಈಚಿ ದಂಡ್ಯಾಗ ನರ್ಸಬಾಯಿ ಬಂದು ನಿಂತಿದ್ಲು. ಈ ಅಜ್ಜಾರೂ ನಿಂತಿದ್ರು. ನಮಗ ಅವರು ಕಾಣ್ತಿದ್ರು. ಕೂಗಿದ್ರ ಓ ಅಂತಿದ್ರು..."

"ಯಾರು ಈಕಿ? ಇಳಸ್ರಿ ಕೆಳಗ!" ಕುಬೇರಗೌಡರು ಎದ್ದುನಿಂತಿದ್ದರು. "ಲೇ ಫಕೀರಾ, ಮೈಕ್ ಬಂದ್ ಮಾಡಲೇ!"

ಆರು ವರ್ಷ ಆ ದನಿಗೆ ಓಗೊಟ್ಟ ಕೈ ತಾನೇ ತಾನಾಗಿ ಸ್ವಿಚ್ಚಿನ ಮೇಲೆ ಹೋಯಿತು. ಅಜ್ಜನವರು ಅವನ ಕಡೆ ನೋಡಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ಕಸ್ತೂರೆವ್ವ ಮಾತ್ರ ತಿರುಗಿ ನೋಡಿದಳು. ಫಕೀರಪ್ಪ ಈ ಬಾರಿ ಅವಳ ಮುಖವನ್ನು ನೋಡಿದ. ನೋಡಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಕಿವಿ ಕೇಳೂದಿಲ್ಲೇನಲೇ? ಬಂದ್ ಮಾಡು ಅಂದೆ!"

ಅವನು ಎದ್ದು ಪೆಟ್ಟಿಗೆಗೆ ಅಡ್ಡಲಾಗಿ ನಿಂತ. "ಮಾಡೂದಿಲ್ರಿ ಗೌಡ್ರ. ಆಕಿ ಮಾತು ಮುಗೀಲಿ."

ಇಲ್ಲಿಂದ ಮುಂದೆ ಫಕೀರಪ್ಪನವರನ್ನು ಏಕವಚನದಲ್ಲಿ ಬರೆಯಲು ಕೈ ಒಪ್ಪುವುದಿಲ್ಲ. ಗೌಡರ ಕಡೆಯ ನಾಲ್ವರು ಫಕೀರಪ್ಪನವರ ಮೇಲೆ ಬಿದ್ದರು. ಅಂಗಿ ಹರಿಯಿತು, ತುಟಿ ಒಡೆಯಿತು. ಫಕೀರಪ್ಪನವರು ಪೆಟ್ಟಿಗೆಯನ್ನು ಬಿಡಲಿಲ್ಲ. ಅಷ್ಟು ಹೊತ್ತೂ ಕಸ್ತೂರೆವ್ವನ ದನಿ ಮೈದಾನದ ಕೊನೆಯ ಸಾಲಿನವರೆಗೆ ಹೋಗುತ್ತಲೇ ಇತ್ತು.

"...ಸಂಜೀತನಕ ಕೂಗಿದ್ವಿ. ತಾಯಿ, ಕೂಸು ಎರಡೂ ಅಲ್ಲೇ ಹೋದುವು. ನನ್ನ ಮಗಳನ್ನ ತಿರುಗಿ ಕೊಡ್ರಿ ಅಂತ ನಾ ಕೇಳಾಕ ಬಂದಿದ್ದಿಲ್ಲ. ಮುಂದಿನ ಸಲ ಮತ್ತೊಬ್ಬರ ಮಗಳು ದಾಟ್ಲಿ ಅನ್ನಾಕ ಬಂದಿದ್ನಿ. ಅದಕ್ಕ ನಕ್ರಿ. ಮುಗೀತು ನನ್ನ ಮಾತು."

ಯಾರೋ ತಂತಿ ಕಿತ್ತರು. ಭೋಂಗಾಗಳು ಸುಮ್ಮನಾದವು. ಮೈದಾನದಲ್ಲಿ ಕೂತವರಲ್ಲಿ ಅನೇಕರು ಹಂಚಿನಕೊಪ್ಪದಲ್ಲಿ ನಕ್ಕವರೇ. ಒಬ್ಬರೂ ತಲೆಯೆತ್ತಲಿಲ್ಲ.

ಗೌಡರು ಕೆಂಪಾಗಿ ಅಜ್ಜನವರ ಮುಂದೆ ಬಂದರು. "ಗೌರವ ಕೊಟ್ಟು ಕರಸಿದ್ರ, ನಾಕು ಮಂದ್ಯಾಗ ನನ್ನ ಮಾನ ಕಳದ್ರಿ ಅಜ್ಜಾರ. ಎದಿ ಉರೀತೈತಿ ನನಗ."

"ನಿನಗ ಒಂದು ಗಳಿಗಿ ಆತು" ಎಂದರು ಪೂಜ್ಯರು. "ಈಕೀಗೆ ಎರಡು ತಿಂಗಳಾತು."

ಅಷ್ಟೇ ಹೇಳಿ ವೇದಿಕೆಯಿಳಿದು, ಬಂದ ದಾರಿಯಲ್ಲೇ ನಡೆದುಬಿಟ್ಟರು. ಶಾಲು ಕುರ್ಚಿಯ ಮೇಲೆಯೇ ಉಳಿಯಿತು. ಆ ಬಿರುದನ್ನು ಅಂದೂ ಯಾರೂ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ.

ಕುಬೇರಗೌಡರು ಬದಲಾದರೆಂದು ಬರೆದರೆ ಅದು ಅಪಚಾರವಾದೀತು. ಅವರು ಬದಲಾಗಲಿಲ್ಲ; ಮುಂದಿನ ಚುನಾವಣೆಯಲ್ಲಿ ಗೆದ್ದರು ಕೂಡ. ಆದರೆ ಹಂಚಿನಕೊಪ್ಪದವರು ಕಸ್ತೂರೆವ್ವನನ್ನು ಮುಂದಿಟ್ಟುಕೊಂಡು ಜಿಲ್ಲೆಯ ಸಾಹೇಬರ ಬಾಗಿಲಲ್ಲಿ ಕೂತರು, ಮತ್ತೆ ಮತ್ತೆ ಕೂತರು. ಎರಡನೆಯ ಮಳೆಗಾಲಕ್ಕೆ ಕಾಲುಸೇತುವೆ ಬಂತು.

ಸಭೆಯಾದ ಎಂಟನೆಯ ದಿನ ಗೌಡರ ಕಾರಭಾರಿ ಫಕೀರಪ್ಪನವರ ಅಂಗಡಿಗೆ ಬಂದ. ಕೈಯಲ್ಲಿ ಬರೆದು ತಂದ ಒಂದು ಕಾಗದವಿತ್ತು. ಅಂಗಡಿಯಲ್ಲಿ ಅಂದಿನ ಗದ್ದಲದಲ್ಲಿ ಒಡೆದ ಭೋಂಗಾ ಹಾಗೇ ಬಿದ್ದಿತ್ತು. ಗೌಡರಿಗೆ ಅಂಜಿ ವಾರದಿಂದ ಒಂದು ಮದುವೆಯವರೂ ಅತ್ತ ಸುಳಿದಿರಲಿಲ್ಲ.

"ಗೌಡ್ರು ದೊಡ್ಡ ಮನಸು ಮಾಡ್ಯಾರ" ಎಂದ ಕಾರಭಾರಿ. "ಸ್ವಿಚ್ ಕೆಟ್ಟಿತ್ತು, ಅದಕ್ಕ ಮೈಕ್ ಬಂದ್ ಆಗ್ಲಿಲ್ಲ ಅಂತ ಇದರಾಗ ಬರದೈತಿ. ಒಂದು ಸಹಿ ಹಾಕು. ನಾಳಿಂದ ಎಲ್ಲಾ ಮೊದಲಿನಂಗ."

ಫಕೀರಪ್ಪನವರು ಕಾಗದವನ್ನು ಪೂರ್ತಿ ಓದಿದರು. ತಿರುಗಿಸಿ, ಹಿಂದಿನ ಖಾಲಿ ಮಗ್ಗುಲನ್ನು ಕಾರಭಾರಿಯ ಮುಂದಿಟ್ಟು, ತಮ್ಮ ಪೆನ್ನನ್ನೂ ಅವನ ಕೈಗೆ ಕೊಟ್ಟರು.

"ಸ್ವಿಚ್ ಚೊಲೊ ಇತ್ತು. ನಾನಽ ಆರಿಸಲಿಲ್ಲ. ಹಂಗಂತ ಬರೀರಿ, ಸಹಿ ಮಾಡ್ತೀನಿ."